ಸ್ವೆಟರ್ ತೊಟ್ಟ ರೇಡಿಯೊ

ಕುಂಯ್ಯ್... ಅಂತ ಒಂದು ಸಣ್ಣ ಸೀಟಿ. ಕುಕ್ಕರಿನದಲ್ಲ, ಲೋಕಲ್ ಟ್ರೇನಿನದಂತೂ ಅಲ್ಲವೇ ಅಲ್ಲ. ಎಂಬತ್ತರ ದಶಕದಲ್ಲಿ, ಮುಂಬೈಯ ಚೆಂಬೂರಿನ ನಮ್ಮ ಎರಡು ರೂಮಿನ ಫ್ಲ್ಯಾಟಿನಲ್ಲಿ ಭಾನುವಾರ ಬೆಳಗಾಗುತ್ತಿದ್ದುದೇ ಈ ಸದ್ದಿನಿಂದ. ಅದು ಒಂದೇ ಸ್ವರದಲ್ಲಿ ನಿಂತರೆ ನಮ್ಮ ಭಾವನವರ ಮುಖ ಅರಳುತ್ತಿತ್ತು. ಮೆಲ್ಲಗೆ ಕೆಳಕ್ಕೆ ಜಾರಿತೋ, ಮನೆಮಂದಿಗೆಲ್ಲ ಪನಿಶ್‌ಮೆಂಟ್! ನನ್ನ ಗಂಡನ ಅಣ್ಣನಾದ ಈ ಮಹಾನುಭಾವರು ತಮಗೆ ಜ್ವರ ಬಂದಾಗ ಒಮ್ಮೆಯೂ ಥರ್ಮಾಮೀಟರ್ ಇಟ್ಟುಕೊಂಡವರಲ್ಲ. ರೇಡಿಯೊಗೆ ಮಾತ್ರ ದಿನಕ್ಕೆ ಮೂರು ಸಲ ಇಡುತ್ತಿದ್ದರು.

ಅದು ಹಾಡು ಕೇಳುವ ರೇಡಿಯೊ ಅಲ್ಲ, ಇಲ್ಲಿ ಕೂತು ದೂರದ ಊರಿನವರೊಡನೆ ಮಾತಾಡುವ ಹ್ಯಾಮ್ ರೇಡಿಯೊ. ಬ್ಯಾಚುಲರ್ ಭಾವ ರಿಫೈನರಿ ಕೆಲಸ ಮುಗಿಸಿ ಬಂದು, ಲೈಸೆನ್ಸ್ ಪಡೆದು, ಕೈಯಾರೆ ಕಟ್ಟಿದ ಸೆಟ್ಟು. ಆದರೆ ಎಂಥ ನಾಜೂಕಿನ ಕೂಸು! ಕೋಣೆಯ ಬಿಸಿ ಒಂದಿಷ್ಟು ಹೆಚ್ಚಲಿ, ಕಡಿಮೆಯಾಗಲಿ, ಒಳಗಿನ ಕಾಯಿಲ್ ಮೈ ಬದಲಿಸಿಬಿಡುತ್ತಿತ್ತು. ಇವರ ಮಾತು ಗಾಳಿಯಲ್ಲಿ ತನ್ನ ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತಿತ್ತು. ಡ್ರಿಫ್ಟ್ ಅಂತ ಅದರ ಹೆಸರು, ಸೀಟಿ ಜಾರುವುದೇ ಅದರ ಗುರುತು. ಹಾಗಾಗಿ ಭಾನುವಾರ ಏಳೂವರೆಯಿಂದ ಎಂಟೂವರೆಯವರೆಗೆ ಫ್ಯಾನ್ ಬಂದ್. ಇಡ್ಲಿ ಬೇಯಿಸುವುದೂ ಬಂದ್, ಹಬೆ ಒಳಗೆ ಬರುತ್ತದಲ್ಲ!

ಮೇ ತಿಂಗಳಲ್ಲಿ ಮಾಟುಂಗದಿಂದ ನನ್ನ ದೊಡ್ಡಮ್ಮ ಬಂದವರು ಬೆವರು ಒರೆಸಿಕೊಳ್ಳುತ್ತ ಕರೆಂಟ್ ಹೋಗಿದೆಯೇ ಎಂದು ಕೇಳಿದರು. ಇಲ್ಲ, ರೇಡಿಯೊಗೆ ಗಾಳಿ ತಾಕಬಾರದು ಎಂದೆ. ಮುಂದಿನ ಸಲ ಅವರು ಬೀಸಣಿಗೆ ಸಮೇತ ಬಂದರು. ಭಾವ ಬಹಳ ವಿನಯದಿಂದ, ಆ ಕಡೆಗೆ ತಿರುಗಿ ಬೀಸಿಕೊಳ್ಳುತ್ತೀರಾ ಎಂದು ಕೇಳಿಕೊಂಡರು.

ಒಂದು ದಿನ ಭಾವ ನನಗೇ ಆರ್ಡರ್ ಕೊಟ್ಟರು: ಸೆಟ್ಟಿಗೊಂದು ಸ್ವೆಟರ್! ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಅಷ್ಟು ಅಕ್ಕರೆಯಿಂದ ಕಲಿಸಿದ ನಿಟ್ಟಿಂಗ್, ಮುಂಬೈಯ ಸೆಕೆಯಲ್ಲಿ ಯಾರಿಗೆ ಬೇಕಿತ್ತು ಹೇಳಿ? ಹುರುಪಿನಿಂದ ಕೂತೆ. ಎದುರು ಮನೆಯಾಕೆ ನೋಡಿ, ಯಾರಿಗೆಂದು ವಿಚಾರಿಸಿದಳು. "ಭಾಭೀ, ಸ್ವೆಟರ್ ಕಿಸ್ಕೇ ಲಿಯೇ?"

"ರೇಡಿಯೊ ಕೇ ಲಿಯೇ."

ಅಂದಿನಿಂದ ಆಕೆ ನಮ್ಮ ಮನೆಗೆ ಸಕ್ಕರೆ ಕೇಳಲು ಬರಲಿಲ್ಲ. ನಾನೋ ನನ್ನ ಜಾಣತನವನ್ನೆಲ್ಲ ತೋರಿಸಿ, ಲೇಸಿನಂತೆ ತೂತು ತೂತಾದ ಡಿಸೈನ್ ಹಾಕಿದ್ದೆ. ಭಾವ ತಿರುವಿ ತಿರುವಿ ನೋಡಿ, "ತುಂಬಾ ಚೆನ್ನಾಗಿದೆಯಮ್ಮ, ಗಾಳಿ ಆಡತ್ತೆ" ಎಂದರು.

ಇಷ್ಟೆಲ್ಲ ಮಾಡಿ ಅವರು ಮಾತಾಡುತ್ತಿದ್ದುದಾದರೂ ಏನು? ಎಳೆ ಬೆಂಡೆಕಾಯಿ ಸಿಕ್ಕಿದ್ದು, ಲೋಕಲ್ ಕುರ್ಲಾದಲ್ಲಿ ನಿಂತಿದ್ದು. ಮಧ್ಯೆ ಮಧ್ಯೆ, ಇನ್ನು ನಿಮ್ಮ ಸರದಿ ಎನ್ನುವಂತೆ "ಓವರ್" ಎಂದು ಸುಮ್ಮನಾಗುವರು. ಆ ಕಡೆಯಿಂದ ಒಂದು 'ಹ್ಞೂಂ' ಕೂಡ ಇಲ್ಲ! ಆದರೂ ಇವರು ಮುಗುಳ್ನಕ್ಕು ಮುಂದುವರಿಸುವರು. ಮೇಲಾಗಿ ಪ್ರತಿ ಗುರುವಾರ ಧಾರವಾಡದಿಂದ ಒಂದು ಕಾರ್ಡು, ಹೆಂಗಸಿನ ಅಕ್ಷರ, ಒಂದೇ ಸಾಲು: 'ಇಪ್ಪತ್ತು ನಿಮಿಷ.' ಇನ್ನೊಂದು ವಾರ 'ಮೂವತ್ತೈದು ನಿಮಿಷ.' ರೊಮ್ಯಾನ್ಸ್ ಎಂದು ನಾನು ಗಂಡನ ಕಿವಿಯಲ್ಲಿ ಊದಿದೆ. ಇಪ್ಪತ್ತು ನಿಮಿಷದ ರೊಮ್ಯಾನ್ಸ್ ಎಂಥದ್ದೇ ಎಂದು ಅವರು ಪೇಪರ್ ಮಡಿಸದೆಯೇ ಕೇಳಿದರು.

ಒಂದು ಭಾನುವಾರ ಸೆಕೆಗೆ ನನ್ನ ತಲೆ ಕೆಟ್ಟಿತು. ಭಾವ ಮಾತಾಡುತ್ತಿರುವಾಗಲೇ ಹೋಗಿ ಫ್ಯಾನ್ ಹಾಕಿಬಿಟ್ಟೆ. ಅವರು ಬೈಯಲಿಲ್ಲ. ಮೈಕ್ ಕೆಳಗಿಟ್ಟರು, ಅಷ್ಟೆ.

"ಜಾರಿದ್ರೆ ಏನೀಗ ಭಾವ? ಆ ಕಡೆಯೋರು ತಮ್ಮ ನಾಬ್ ಸ್ವಲ್ಪ ತಿರುಗಿಸ್ಕೊಳ್ಳಲಿ."

"ಅವನ ಕೈ ಏಳಲ್ಲಮ್ಮ."

ಆಮೇಲೆ ಒಂದೊಂದಾಗಿ ಹೇಳಿದರು. ಧಾರವಾಡದ ಆತನೂ ಇವರೂ ಒಟ್ಟಿಗೆ ರೇಡಿಯೊ ಕಟ್ಟಲು ಕಲಿತ ಗೆಳೆಯರು. ಆತನಿಗೆ ಲಕ್ವ ಹೊಡೆದು ಎರಡೂ ಕೈ ಬಿದ್ದುಹೋಗಿದ್ದವು. ಉತ್ತರ ಕೊಡಬೇಕೆಂದರೆ ಸ್ವಿಚ್ ಒತ್ತಬೇಕು, ಅದಕ್ಕೂ ಆಗದು. ಹೆಂಡತಿ ಸೆಟ್ ಹಾಕಿ, ಭಾವನ ಜಾಗಕ್ಕೆ ನಾಬ್ ತಿರುಗಿಸಿಟ್ಟು, ಆಸ್ಪತ್ರೆಯ ನರ್ಸ್ ಡ್ಯೂಟಿಗೆ ಹೋಗುತ್ತಿದ್ದರು. ಧ್ವನಿ ಅಲ್ಲಿಂದ ಜಾರಿತೋ, ಉಳಿದ ಹೊತ್ತೆಲ್ಲ ಆತ ಬರೀ ಗೊರಗೊರ ಕೇಳುತ್ತ ಬಿದ್ದಿರಬೇಕು. ಎಷ್ಟು ಹೊತ್ತು ಕೇಳಿಸಿತೆಂದು ಎದುರಿನ ಗಡಿಯಾರ ನೋಡಿಟ್ಟುಕೊಂಡು ಸಂಜೆ ಹೆಂಡತಿಯಿಂದ ಬರೆಸುತ್ತಿದ್ದ.

ನಾನು ಆ ಲೇಸಿನ ಸ್ವೆಟರನ್ನು ಪೂರ್ತಿ ಬಿಚ್ಚಿ, ಒಂದು ಸಾಸಿವೆ ಕಾಳೂ ನುಸುಳದಂತೆ ಬಿಗಿಯಾಗಿ ಹೆಣೆದೆ. ಎರಡು ವಾರದ ಮೇಲೆ ಕಾರ್ಡು ಬಂತು: 'ಪೂರ್ತಿ ಒಂದು ಗಂಟೆ.' ಭಾವ ಅದನ್ನು ನನ್ನ ಕೈಗೇ ಕೊಟ್ಟರು.

ತೊಂಬತ್ತರ ನಂತರ ನಾನೂ ನನ್ನ ಗಂಡನೂ ಗೋರೆಗಾಂವ್‌ಗೆ ಬಂದೆವು, ಭಾವ ಅಲ್ಲೇ ಉಳಿದರು. ಒಂದು ಭಾನುವಾರ ಇಡ್ಲಿ ಡಬ್ಬಿ ಹಿಡಿದು ಬೆಳಿಗ್ಗೆಯೇ ಹೋದೆ. ಬಾಗಿಲು ತೆರೆದರೆ, ಏಳೂವರೆ ಹೊತ್ತಿಗೆ, ಫ್ಯಾನ್ ಫುಲ್ ಸ್ಪೀಡಿನಲ್ಲಿ ತಿರುಗುತ್ತಿತ್ತು. ಮೇಜಿನ ಮೇಲೆ ಅದೇ ಅಕ್ಷರದ ಕಾರ್ಡು. ಈ ಸಲ ನಿಮಿಷದ ಲೆಕ್ಕವಿರಲಿಲ್ಲ, ಕೊನೆಯವರೆಗೂ ತುಂಬಿ ಬರೆದಿತ್ತು.

"ಇನ್ಮೇಲೆ ಫ್ಯಾನ್ ಹಾಕ್ಕೋಬಹುದಮ್ಮ" ಎಂದರು.

ಡಬ್ಬಿ ಕೆಳಗಿಟ್ಟು, ಹೋಗಿ ಫ್ಯಾನ್ ಆರಿಸಿದೆ. ಭಾವ ನನ್ನನ್ನು ನೋಡಿದರು. ಆಮೇಲೆ ಸೆಟ್ಟಿನ ಸ್ವಿಚ್ ಹಾಕಿದರು. ಕುಂಯ್ಯ್... ಒಂದೇ ಸ್ವರ, ಎಳ್ಳಷ್ಟೂ ಜಾರಲಿಲ್ಲ. ಅವರು ಮೈಕ್ ಮುಟ್ಟಲಿಲ್ಲ. ಇಬ್ಬರೂ ಬೆವರುತ್ತ ಎಂಟೂವರೆಯವರೆಗೆ ಹಾಗೇ ಕೂತಿದ್ದೆವು.

ನಾನು ಅವರನ್ನು ನೋಡಿದ್ದು ಅದೇ ಕೊನೆ.