ಗಾಲಿಗೆ ಹಚ್ಚಿದ ಕಲ್ಲು ದೇವರಾದ ಬಗ್ಗೆ

ಸಾಮಾನು ಗಾಡಿ ಶಿಸ್ತು ವಿಭಾಗ
(ಗ್ಯಾರೇಜಿನ ಹಿಂಬದಿ, ನೀರಿನ ಡ್ರಮ್ಮಿನ ಪಕ್ಕ), ವಾಡಿ

ಸಂಖ್ಯೆ: ಸಾಗಾಶಿ/ಖಾನೆ-5/ಕಲ್ಲು-1/2025-26
ದಿನಾಂಕ: ಅಮಾಸಿ ಮುಗಿದ ಆರನೇ ದಿನ

ಸುತ್ತೋಲೆ

ವಿಷಯ: ಕಾರಿನ ತಗಡು ಕೆಲಸದ ಸಾಮಾನುಗಳನ್ನು ಗಾಲಿ ಗಾಡಿಯಲ್ಲಿ ಜೋಡಿಸಿಡುವ ಹಾಗೂ ಸದರಿ ಗಾಡಿಯನ್ನು ನಿಂತಲ್ಲೇ ನಿಲ್ಲಿಸುವ ಕುರಿತು.

ಉಲ್ಲೇಖ:
(1) ಗ್ಯಾರೇಜಿನ ಮಾಲೀಕರಾದ ಸಿದ್ಧಲಿಂಗ ಸಾಹುಕಾರರು ಅಮಾಸಿ ಮುಗಿದ ಮೂರನೇ ದಿನ, ಗಿರಾಕಿ ಭಾಗ್ಯಜ್ಯೋತಿ ಟೀಚರ್, ಪೇಂಟರ್ ಲಕ್ಷ್ಮಿಕಾಂತ ಹಾಗೂ ಚಹಾ ಕುಡಿಯಲು ನಿಂತಿದ್ದ ಇಬ್ಬರು ಲಾರಿ ಡ್ರೈವರುಗಳ ಎದುರಿಗೆ, ತಗಡು ಕೆಲಸದ ಅಣವೀರ ಅವರನ್ನು ಕುರಿತು ಆಡಿದ ಮಾತು: "ಎಂಟನೇತ್ತ ನಪಾಸಾಗಿ ಸಾಲಿ ಬಿಟ್ಟಾಂವ ಇಂವ. ನಾಕ ಗಾಲಿ ನಿಂದ್ರಸ್ಲಾಕ ಬರಲ್ಲ, ಖಾನೆ ಖಾನೆಗೆ ಚೀಟಿ ಹಚ್ಚ್ಯಾನ. ನೋಡ್ರಿ ಟೀಚರ್, ನಮ್ಮ ತಹಶೀಲ್ದಾರ ಸಾಹೇಬ."
(2) ಅದಕ್ಕೆ ಡ್ರೈವರುಗಳು ನಕ್ಕದ್ದು.
(3) ಟೀಚರ್ ನಗದೇ ಇದ್ದದ್ದು. ಎಂಟನೇತ್ತ ಅಂದರೆ ಎಂಟನೇ ತರಗತಿಯಲ್ಲಿ ಅಣವೀರ ಅವರ ಹಾಜರಿ ಕೂಗುತ್ತಿದ್ದವರು ಇವರೇ ಎಂಬುದು ದಾಖಲೆಯಲ್ಲಿದೆ.

ಪ್ರಸ್ತಾವನೆ:

ಗುಜರಿಯಲ್ಲಿ ಬಿದ್ದಿದ್ದ ದವಾಖಾನೆಯ ತಳ್ಳುಗಾಡಿಯೊಂದನ್ನು ತಂದು, ತಗಡು ಬಡಿದು, ಐದು ಖಾನೆ ಕೂಡಿಸಿ, ಬೀಗ ಹಚ್ಚಿ, ಗಾಲಿಗಳಿಗೆ ಎಣ್ಣೆ ಕುಡಿಸಿ ತಯಾರು ಮಾಡಿದವರು ರಾವೂರಿನ ಸದರಿ ಅಣವೀರ. ಅದಕ್ಕೂ ಮೊದಲು ಈ ಗ್ಯಾರೇಜಿನಲ್ಲಿ, ಸುತ್ತಿಗೆ ಬೇಕಾದವನು ಮೂರು ಜನರ ಮೇಲೆ ಕಳುವಿನ ಅನುಮಾನ ಪಟ್ಟು, ಕಡೆಗೆ ತಾನು ಕುಂತ ಗೋಣಿಚೀಲದ ಕೆಳಗೇ ಅದನ್ನು ಕಾಣುವ ಪದ್ಧತಿ ಜಾರಿಯಲ್ಲಿತ್ತು. ಗಾಡಿ ಬಂದ ಮೇಲೆ ಕೆಲಸ ಹಗುರಾಯಿತೆಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೇಳದೇ ಇದ್ದದ್ದನ್ನು ವಿಭಾಗವು ಗಮನಿಸಿದೆ.

ಗ್ಯಾರೇಜಿನ ನೆಲಕ್ಕೆ ಶಹಾಬಾದ ಪರಸಿ ಕಲ್ಲು ಹಾಸಿದ್ದು, ಕಾರು ತೊಳೆದ ನೀರು ಹರಿದುಹೋಗಲೆಂದು ರಸ್ತೆಯ ಕಡೆ ಇಳಿಜಾರು ಕೊಡಲಾಗಿದೆ. ನೀರು ಹರಿಯುವುದಿಲ್ಲ, ಗಾಡಿ ಹರಿಯುತ್ತದೆ. ಆದಕಾರಣ ಅಣವೀರ ಅವರು ರಾವೂರ ಖಣಿಯಿಂದ ಒಂದು ಮೂರು ಮೂಲೆ ಕಲ್ಲನ್ನು ಆರಿಸಿ ತಂದು ಮುಂದಿನ ಗಾಲಿಗೆ ಹಚ್ಚಿದ್ದರು. ಅಮಾಸಿಯ ದಿನ, ವಾಡಿಕೆಯಂತೆ ಕೆಲಸ ಬಂದ್ ಇಟ್ಟು, ಸಾಮಾನು ಒರೆಸಿ, ವಿಭೂತಿ ಹಚ್ಚಲಾಯಿತು. ಕಾಯಿ ಒಡೆಯಲು ಕಲ್ಲು ಸಿಗದೆ ಸಾಹುಕಾರರು ಕೈಗೆ ಸಮೀಪವಿದ್ದ ಈ ಕಲ್ಲನ್ನೇ ಎಳೆದುಕೊಂಡರು. ಕಾಯಿ ಒಂದೇ ಏಟಿಗೆ ಸರಿಯಾಗಿ ಎರಡು ಹೋಳಾಯಿತು. ಇದು ಈ ಗ್ಯಾರೇಜಿನ ಇತಿಹಾಸದಲ್ಲಿ ಮೊದಲು. ಸಾಹುಕಾರರ ತಾಯಿ ಚಂದಮ್ಮನವರು ಕೂಡಲೇ ಕಲ್ಲಿಗೆ ಕುಂಕುಮ ಹಚ್ಚಿ, ಹೂವು ಏರಿಸಿ, ಗೋಡೆಯ ಗೂಡಿನಲ್ಲಿ ಕುಂದ್ರಿಸಿದರು.

ಮರುದಿನ ಕಲ್ಲು ವಾಪಸ್ ಬೇಕೆಂದು ಅಣವೀರ ಅವರು ಮೌಖಿಕ ಅರ್ಜಿ ಸಲ್ಲಿಸಲಾಗಿ, "ದೇವರನ್ನ ಒಯ್ದು ಗಾಲಿ ಕೆಳಗ ಇಡ್ತೀಯೇನೋ ಯಪ್ಪಾ? ಆ ಜಾಗಕ್ಕ ಬ್ಯಾರೆ ಕಲ್ಲೂ ತರಬ್ಯಾಡ" ಎಂದು ಚಂದಮ್ಮನವರು ಆದೇಶಿಸಿದರು. ತಾಯಿಯ ಮಾತಿಗೆ ಸಾಹುಕಾರರು ಮೇಲೆ ನೋಡಿದರು. ಮೇಲೆ ಸೂರಿನ ಪತ್ರಾಸ್ ತಗಡು ಮಾತ್ರ ಇತ್ತು.

ಅಂದಿನಿಂದ ಎರಡು ದಿನ ಅಣವೀರ ಅವರು ಗಾಲಿಗೆ ಎಡಗಾಲು ಕೊಟ್ಟುಕೊಂಡೇ ಕೆಲಸ ಮಾಡಿದರು. ಮೂರನೇ ದಿನ ಟೀಚರ್ ತಮ್ಮ ಕಾರು ಬಿಡಲು ಬಂದಾಗ, ಒಂದು ಕಾಲದ ಗುರುಗಳೆಂದು ಕಾರಿನ ಬಾಗಿಲು ತೆಗೆದುಕೊಡಲು ಕಾಲು ಎತ್ತಿದರು. ಗಾಡಿ ಹೋಗಿ ಪಕ್ಕದ ಕಾರಿನ ಹಸಿ ಬಣ್ಣದ ಬಾಗಿಲಿಗೆ ಗುದ್ದಿತು. ನಂತರದ್ದು ಉಲ್ಲೇಖ (1). ಅದೇ ಬಾಯಲ್ಲಿ ಸಾಹುಕಾರರು ಗಾಡಿಯ ಕೀಲಿಕೈ ಕಸಿದುಕೊಂಡು, ಅಣವೀರ ಅವರನ್ನು ಕಾರು ತೊಳೆಯುವ ಪೈಪಿಗೆ ವರ್ಗಾಯಿಸಿದರು.

ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, ಚಹಾ ಆರುವುದರೊಳಗೆ ಜಾರಿಗೆ ಬರುವಂತೆ ಈ ಮುಂದಿನಂತೆ ವಿಧಿಸಲಾಗಿದೆ:

1. ಮೇಲಿನ ಖಾನೆಯು ಸುತ್ತಿಗೆಗಳಿಗೆ ಹಾಗೂ ತಗಡಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ಗಟ್ಟಿಗಳಿಗೆ ಮೀಸಲು. ಸುತ್ತಿಗೆಯಿಂದ ಅಡಿಕೆ ಒಡೆಯುವುದನ್ನು ನಿಷೇಧಿಸಲಾಗಿದೆ. ಈಗಾಗಲೇ ಒಡೆದ ಅಡಿಕೆಗೆ ಇದು ಅನ್ವಯಿಸುವುದಿಲ್ಲ.

2. ಎರಡನೇ ಖಾನೆ ತಗಡಿನ ತಗ್ಗು ತುಂಬುವ ಪುಟ್ಟಿ ಮತ್ತು ಪುಟ್ಟಿ ಎಳೆಯುವ ಪಟ್ಟಿಗಳಿಗೆ. ಸದರಿ ಪಟ್ಟಿಯಿಂದ ರೊಟ್ಟಿಗೆ ಶೇಂಗಾ ಚಟ್ನಿ ಸವರತಕ್ಕದ್ದಲ್ಲ. ಸವರಿದಲ್ಲಿ, ಅದೇ ರೊಟ್ಟಿಯಿಂದ ಕಾರಿಗೆ ಪುಟ್ಟಿ ಎಳೆಯಲು ಹೇಳಲಾಗುವುದು.

3. ಉಜ್ಜುವ ಕಾಗದಗಳಲ್ಲಿ ಒರಟಾದವು ಮೂರನೇ ಖಾನೆಯಲ್ಲಿ. ನಯವಾದವು ಬಟ್ಟೆ ಸುತ್ತಿ, ಎಲ್ಲಕ್ಕೂ ಕೆಳಗಿನ, ಬಾಗಿಲಿರುವ ಐದನೇ ಖಾನೆಯಲ್ಲಿ. ನಯ ಕಾಗದಕ್ಕೆ ಒಂದು ಕಣ ಧೂಳು ಹತ್ತಿದರೂ ಹೊಸ ಬಣ್ಣಕ್ಕೆ ಗೀರು ಬೀಳುತ್ತದೆ. ವಾಡಿಯ ಧೂಳು ಯಾರ ಅಪ್ಪಣೆಯನ್ನೂ ಕಾಯುವುದಿಲ್ಲವಾದ್ದರಿಂದ, ಇನ್ನು ಮುಂದೆ ಅದು ಗೇಟಿನ ಬಳಿ ಹೆಸರು ಬರೆಸಿಯೇ ಒಳಗೆ ಬರತಕ್ಕದ್ದು.

4. ನಾಲ್ಕನೇ ಖಾನೆ ಟೇಪು ಹಾಗೂ ಕಾರಿನ ಗಾಜಿಗೆ ಮುಚ್ಚುವ ಹಳೇ ಪೇಪರುಗಳಿಗೆ. ವಧು-ವರರ ಪುಟವು ಗಾಜಿನ ಮೇಲೆ ಬಂದಲ್ಲಿ, ಲಕ್ಷ್ಮಿಕಾಂತ ಅವರು ಓದಿ ಮುಗಿಸುವ ತನಕ ಬಣ್ಣ ಹೊಡೆಯುವಂತಿಲ್ಲ. ಅವರಿಗೆ ಹೊಂದುವ ಕನ್ಯೆ ಸಿಕ್ಕಲ್ಲಿ ಕಾರನ್ನು ಗಿರಾಕಿಗೆ ತಡವಾಗಿ ಕೊಡಲಾಗುವುದು.

5. ಬಿಚ್ಚಿದ ತಿರುಪುಗಳನ್ನು ಕಾರಿಗೊಂದು ಡಬ್ಬಿಯಂತೆ, ಚೀಟಿ ಹಚ್ಚಿ, ಕೆಳಗಿನ ಖಾನೆಯಲ್ಲೇ ಬೇರೆ ಇಡತಕ್ಕದ್ದು. ಕಾರು ಜೋಡಿಸಿದ ಮೇಲೂ ತಿರುಪು ಉಳಿದರೆ "ಇದು ಜಾಸ್ತಿ ಇತ್ತುರಿ" ಎಂದು ಗಿರಾಕಿಗೆ ಹೇಳುವುದನ್ನು ಇಂದಿನಿಂದ ಹಿಂಪಡೆಯಲಾಗಿದೆ.

6. ಕಲ್ಲು ದೇವರಾಗಿ ಬಡ್ತಿ ಹೊಂದಿರುವುದರಿಂದ, ಗಾಡಿಯನ್ನು ನಿಲ್ಲಿಸುವ ಪೂರ್ತಿ ಹೊಣೆಯನ್ನು ಗೂಡಿನಿಂದಲೇ ನಿಭಾಯಿಸುವಂತೆ ಅದಕ್ಕೆ ಸೂಚಿಸಲಾಗಿದೆ. ಈ ತನಕ ಪಾಲನಾ ವರದಿ ಬಂದಿಲ್ಲ.

7. ಕಳೆದ ಮೂರು ದಿನಗಳಲ್ಲಿ ಸಾಹುಕಾರರ ಖುದ್ದು ಉಸ್ತುವಾರಿಯಲ್ಲಿ ಗಾಡಿಯು ಮೊದಲು ಡ್ರಮ್ಮಿಗೆ, ಆಮೇಲೆ ಮಲಗಿದ್ದ ನಾಯಿಗೆ, ನಿನ್ನೆ ಸಾಹುಕಾರರ ಸ್ವಂತ ಮೋಟರ್ ಸೈಕಲ್ಲಿಗೆ ಗುದ್ದಿದೆ. ನಾಯಿಯು ಸ್ವಇಚ್ಛೆಯಿಂದ ಶಹಾಬಾದ ರೋಡಿನ ಗ್ಯಾರೇಜಿಗೆ ವರ್ಗ ಪಡೆದಿದೆ. ನಯ ಕಾಗದ ಪುಟ್ಟಿಯಲ್ಲಿ, ಪುಟ್ಟಿ ಪಟ್ಟಿ ಚಹಾ ಕಿಟ್ಲಿಯಲ್ಲಿ ಪತ್ತೆಯಾಗಿವೆ. ಈ ಮೂರೂ ದಿನ ಸಾಹುಕಾರರು ಯಾರನ್ನೂ ನಪಾಸು ಎಂದಿಲ್ಲ.

8. ಖಾನೆಗಳ ತಪಾಸಣೆ ಕಾಲಕ್ಕೆ ಉಳಿದೆಲ್ಲ ಸಾಮಾನು ಸಿಕ್ಕಿದ್ದು, "ತಪ್ಪು ನಂದದ" ಎಂಬ ಎರಡು ಶಬ್ದಗಳು ಮಾತ್ರ ಯಾವ ಖಾನೆಯಲ್ಲೂ ಸಿಕ್ಕಿಲ್ಲ. ಸಾಹುಕಾರರ ಅಂಗಿ ಜೇಬಿನಲ್ಲಿ ಇರಬಹುದೆಂಬ ಗುಮಾನಿ ಇದೆ. ಅವಮಾನವು ನಾಲ್ಕು ಜನರ ಎದುರಿಗೆ ಆಗಿರುವುದರಿಂದ, ಸದರಿ ಶಬ್ದಗಳನ್ನೂ ಅದೇ ನಾಲ್ಕು ಜನರ ಎದುರಿಗೇ ಹೊರತೆಗೆಯತಕ್ಕದ್ದು. ಮೂಲೆಗೆ ಕರೆದು, ಹೆಗಲ ಮೇಲೆ ಕೈ ಹಾಕಿ, ಚಹಾ ಕುಡಿಸಿದ್ದನ್ನು ಪರಿಗಣಿಸಲಾಗುವುದಿಲ್ಲ. ಈ ನಿಯಮದಲ್ಲಿ ತಮಾಷೆ ಇಲ್ಲ.

ಸಹಿ/-
(ಹೆಬ್ಬೆಟ್ಟಿನಂತೆ ಕಾಣುವುದು ಗ್ರೀಸ್. ಸಹಿ ಬರುತ್ತದೆ, ಕೈ ಒರೆಸಲು ಬಟ್ಟೆ ಸಿಗಲಿಲ್ಲ.)
ವಿಭಾಗದ ಪರವಾಗಿ

ಪ್ರತಿಗಳು:

1. ಸಿದ್ಧಲಿಂಗ ಸಾಹುಕಾರರಿಗೆ, ಗಟ್ಟಿಯಾಗಿ ಓದಲು. ನಿಯಮ 8ನ್ನು ಎರಡು ಸಲ.

2. ಚಂದಮ್ಮನವರಿಗೆ, ಕಲ್ಲಿನ ಕಿವಿಗೆ ಹಾಕಲು.

3. ಇಬ್ಬರು ಲಾರಿ ಡ್ರೈವರುಗಳಿಗೆ, ಉಲ್ಲೇಖ (2)ರ ನಗುವನ್ನು ಏಳು ದಿನದೊಳಗೆ ಹಿಂತಿರುಗಿಸಲು.

4. ಭಾಗ್ಯಜ್ಯೋತಿ ಟೀಚರ್ ಅವರಿಗೆ, ಮಾಹಿತಿಗಾಗಿ. ಇಂದು ಕಾರು ಒಯ್ಯಲು ಬಂದ ಇವರು ಖಾನೆಗಳ ಚೀಟಿಗಳನ್ನು ಒಂದೊಂದಾಗಿ ಓದಿ, "ಇಷ್ಟು ಚಂದ ಯಾರು ಜೋಡ್ಸ್ಯಾರ?" ಎಂದು ಗೊತ್ತಿದ್ದೇ ಕೇಳಿರುತ್ತಾರೆ. ಸಾಹುಕಾರರು ಕೆಮ್ಮಿರುತ್ತಾರೆ.

5. ಅಣವೀರ ಅವರಿಗೆ. ಗಾಡಿ ಮತ್ತೆ ಹರಿಯದಂತೆ ಹಿಡಿಯಲೆಂದು ಇವರನ್ನು ಪೈಪಿನಿಂದ ಕರೆಸಲಾಗಿದ್ದು, ಈ ಪ್ರತಿ ಕೊಡಲು ಹೋದಾಗ ಗಾಲಿಗೆ ಎಡಗಾಲು ಕೊಟ್ಟು ನಿಂತಿದ್ದರು. ಟೀಚರ್, ಲಕ್ಷ್ಮಿಕಾಂತ, ಇಬ್ಬರು ಡ್ರೈವರುಗಳು, ಎಲ್ಲರೂ ಹಾಜರಿದ್ದರು. ಸಾಹುಕಾರರು ಜೇಬಿಗೆ ಕೈ ಹಾಕಿದರು. ವಿಭಾಗವು ಉಸಿರು ಹಿಡಿಯಿತು. ಹೊರಗೆ ಬಂದದ್ದು ಕೀಲಿಕೈ. "ತಗೊಳಪ್ಪ ತಹಶೀಲ್ದಾರ, ನಿನ್ನ ಗಾಡಿ ನಿನಗ. ಈಗರ ಸಮಾಧಾನ ಆಯ್ತಿಲ್ಲೋ?" ಎಂದು ನಕ್ಕರು. ಡ್ರೈವರುಗಳು ಈ ಸಲ ನಗಲಿಲ್ಲ. ಅಣವೀರ ಅವರು ಕೀಲಿಕೈ ತಗೊಂಡು, ಕೈ ಚಾಚಿ ಗೂಡಿನಲ್ಲಿದ್ದ ಕಲ್ಲಿನ ಮುಂದೆ ಇಟ್ಟರು. ಗಾಲಿಯಿಂದ ಕಾಲು ತೆಗೆದರು. ಟೀಚರ್ ಕಡೆ ಒಮ್ಮೆ ತಲೆ ಬಾಗಿಸಿ, ರಾವೂರ ಹಾದಿ ಹಿಡಿದು ಹೊರಟರು. ಇಳಿಜಾರು ಇರುವ ಕಾರಣ ಗಾಡಿಯೂ ಅವರ ಹಿಂದೆ ಹೊರಟಿದ್ದು, ಆದ್ದರಿಂದ ಈ ಪ್ರತಿಯನ್ನು ಇಬ್ಬರಿಗೂ ತಲುಪಿಸಲಾಗಿಲ್ಲ.