ಅಟ್ಟದ ಮೇಲಿನ ಹಲ್ಲಿ

ಮನೆ ಕೊಂಡು ನೋಡು, ಮದುವೆಯೇ ವಾಸಿ ಅನ್ನು ಎಂದೊಂದು ಗಾದೆಯಿದೆ. ಇಲ್ಲದಿದ್ದರೆ ಇವತ್ತಿನಿಂದ ಇದೆ. ಕಂಪಲಾಪುರದಲ್ಲಿ ನಡೆದ ಈ ಕತೆ ಅಪ್ಪಟ ನಿಜ. ಸುಳ್ಳಾದರೆ ನನ್ನ ಮನೆ ಸೋರಲಿ.

ಹುಣಸೂರಿನ ಬಾಡಿಗೆ ಮನೆಯಲ್ಲಿ ಆರು ಮಳೆಗಾಲ ಬಕೆಟ್ಟಿನ ಪಕ್ಕ ಮಲಗಿದ್ದ ಗುಮಾಸ್ತ ಗೌರೀಶನದು ಒಂದೇ ಹಟ: ಕೊಳ್ಳುವ ಮನೆ ಸೋರಬಾರದು. ಮಾರಾಟಕ್ಕಿದ್ದ ಮಂಗಳಮ್ಮಜ್ಜಿಯ ಹೆಂಚಿನ ಮನೆಯೇನೋ ಸುಣ್ಣ ಬಳಿದುಕೊಂಡು ಮದುಮಗಳಂತೆ ನಿಂತಿತ್ತು. ಏನು ಕೇಳಿದರೂ ಅಜ್ಜಿಯದು ಒಂದೇ ಉತ್ತರ: "ಏನೂ ತೊಂದ್ರೆ ಇಲ್ಲ ಕಣಪ್ಪ."

ಬಾಯಿ ಬಿಡಿಸಲೆಂದೇ ಗೌರೀಶ ಗೆಳೆಯ ಮಹೇಂದ್ರನನ್ನು ಕರೆತಂದಿದ್ದ. ಕತ್ತೆಯಿಂದ ತಹಸೀಲ್ದಾರರವರೆಗೆ ಯಾರ ದನಿ ಬೇಕಾದರೂ ತೆಗೆಯುವ ಆಸಾಮಿ ಅವನು. "ತೊಲೆ ನೋಡ್ಬತ್ತೀನಿ" ಎಂದು ಅಟ್ಟ ಹತ್ತಿದ. ಸಂಚು ಗೌರೀಶನ ಹೆಂಡತಿ ಉಷಾರಾಣಿಗೂ ಗೊತ್ತಿರಲಿಲ್ಲ.

"ಅಜ್ಜಿ, ಚೌಕಟ್ಟಿಗೆ ಗೆದ್ಲು ಹಿಡಿದಂಗದೆ?" ಗೌರೀಶ ಶುರುಮಾಡಿದ.

ಅಟ್ಟದಿಂದ, "ಲೊಚ್ ಲೊಚ್ ಲೊಚ್!"

ಹಲ್ಲಿ ಲೊಚಗುಟ್ಟಿತೆಂದರೆ ಆಡಿದ ಮಾತು ಸತ್ಯ, ಎದುರಾಡುವುದುಂಟೆ? ಅಜ್ಜಿ ಬೆರಳಲ್ಲಿ ನೆಲ ಕುಟ್ಟಿ, "ಶಿವ ಶಿವಾ! ಇಡಿದದೆ ಕಣಪ್ಪ" ಅಂದಳು.

"ಬಚ್ಚಲ ನೀರು ವಾಪಸ್ ಬತ್ತದಾ?"

"ಲೊಚ್ ಲೊಚ್!"

"ಬತ್ತದೆ ಕಣಪ್ಪ!"

"ಅಡುಗೆಮನೆ ಸೋರ್ತದಾ?"

"ಲೊಚ್ ಲೊಚ್ ಲೊಚ್!"

"ಜರಡಿ ಕಣಪ್ಪ! ನಡುಮನೆನೂವೆ!"

ಬದುಕಿದೆ ಎಂದುಕೊಂಡ ಗೌರೀಶ ಚಪ್ಪಲಿ ಮೆಟ್ಟಿದ. ಅಜ್ಜಿ ನಿಟ್ಟುಸಿರಿಟ್ಟು ಉಷಾರಾಣಿಯತ್ತ ಕೈತೋರಿ, "ಎಷ್ಟು ಸೋರಿದ್ರೂವೆ, ಈ ತಾಯಿ ಹಾಲುಕ್ಕಿಸೋದು ಈ ಮನೇಲೇ ಕಣಪ್ಪ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಲೊಚ್ ಲೊಚ್ ಲೊಚ್!"

ಉಷಾರಾಣಿ ನೆಲ ಕುಟ್ಟಿ ಕಣ್ಣಿಗೊತ್ತಿಕೊಂಡಳು. "ಕೇಳುದ್ರಾ? ಇನ್ನು ಬೇರೆ ಮನೆ ನೋಡಂಗಿಲ್ಲ!"

"ಅದು ಹಲ್ಲಿ ಅಲ್ಲ..." ಎಂದು ಬಾಯ್ತೆರೆದ ಗೌರೀಶ ಹಾಗೇ ಮುಚ್ಚಿಕೊಂಡ. ಸಂಚು ಬಿಚ್ಚಿದರೆ ಹೆಂಡತಿ ಉಳಿಸುವಳೇ? ಅವಳಾಗಲೇ ಅಜ್ಜಿಯ ಜತೆ ಎಲೆ ಅಡಿಕೆ ಬದಲಿಸಿಕೊಂಡು ವ್ಯಾಪಾರ ಕುದುರಿಸಿ, ಕೈಮುಗಿಯಲು ದೇವರಮನೆಗೆ ನಡೆದಳು.

ಅಟ್ಟ ಇಳಿದ ಮಹೇಂದ್ರನ ಕೊರಳಪಟ್ಟಿ ಗೌರೀಶನ ಕೈಯಲ್ಲಿತ್ತು. "ಕೊನೇದು ಯಾಕ್ಲಾ ಲೊಚಗುಟ್ದೆ?"

"ನಾನಲ್ಲ ಕಣ್ಲಾ! ಬಾಯೊಣಗಿ ನಾಲಿಗೆನೇ ಆಡ್ತಿರಲಿಲ್ಲ!"

ಅಜ್ಜಿ ಸೆರಗು ಸರಿಸಿದಳು. "ನಾನು ಕಣಪ್ಪ! ನಮ್ಮ ಬೆಕ್ಕು ಈ ಮನೇಲಿ ಒಂದು ಹಲ್ಲಿನಾದ್ರೂ ಉಳಿಸಿದ್ದದಾ? ಗೆದ್ಲು, ಬಚ್ಚಲು, ಸೋರೋದು ಎಲ್ಲಾ ನಿಮ್ಮ ಹಲ್ಲಿ ಮುಂದೇ ಒಪ್ಕಂಡಿವ್ನಿ. ನಾಳಿಕೆ ಬಂದು ನನ್ನ ಕೇಳಂಗಿಲ್ಲ, ಆಂ!"

ಹಾಗೆಂದು ಹಲ್ಲಿಲ್ಲದ ಬಾಯಗಲಿಸಿ ಸೂರು ಅದುರುವಂತೆ ನಕ್ಕಳು. ಆ ನಗೆಗೆ ಹೆಂಚೊಂದು ಜಾರಿ ಅಂಗಳದಲ್ಲಿ ಒಡೆಯಿತು.

ಈಗದು ಗೌರೀಶನ ಹೆಂಚು.