ದಿಕ್ಸೂಚಿಯ ಪಕ್ಕದ ಗಣಪ

ದೋಣಿ ಹತ್ತುವ ಮುಂಚೆ ನೀರಜಾ ಕಾರಿನ ಡ್ಯಾಶ್‌ಬೋರ್ಡಿನಿಂದ ಎರಡಿಂಚಿನ ಗಣಪನನ್ನು ಕಿತ್ತು ಕೈಚೀಲಕ್ಕೆ ಹಾಕಿಕೊಂಡಳು. ಹೆದ್ದಾರಿಯಲ್ಲಿ ಬೀಳದಿರಲೆಂದು ಅವನ ಪೀಠದಡಿ ಗಟ್ಟಿ ಅಯಸ್ಕಾಂತವಿತ್ತು. ದೋಣಿಯ ಚುಕ್ಕಾಣಿ ಚಕ್ರದ ಮುಂದೆ, ದಿಕ್ಸೂಚಿಗೆ ತಾಗಿಕೊಂಡಂತೆ, ಮನೆಯಿಂದಲೇ ತಂದ ಟೇಪು ಅಂಟಿಸಿ ಅವನನ್ನು ಕೂರಿಸಿದಳು. ಮುಂದೆ ಒಂದು ಸೇವಂತಿಗೆ ಇಟ್ಟು ಕೈಮುಗಿದಳು. ಗಂಡ ವೇಣುಗೋಪಾಲ ಅದನ್ನು ಕಣ್ಣಾರೆ ನೋಡಿದ. ನೋಡಿ, ಹೆಂಗಸರ ಸಮಾಧಾನಕ್ಕೆ ಇರಲಿ ಬಿಡಿ ಎಂದು ಉದಾರವಾಗಿ ನಕ್ಕ.

ಈ ಮಹಾಶಯ ಹೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್‌ನ ಒಂದು ತೈಲ ಕಂಪನಿಯಲ್ಲಿ ಹಿರಿಯ ಎಂಜಿನಿಯರ್. ಹುಟ್ಟಿ ಬೆಳೆದದ್ದು ಮಂಡ್ಯ. ಕಂಡಿದ್ದ ದೊಡ್ಡ ನೀರೆಂದರೆ ಕನ್ನಂಬಾಡಿ ಕಟ್ಟೆಯದು, ಅದೂ ಮೇಲಿನಿಂದ. ಈಜು ಬಾರದು, ಹಾಯಿದೋಣಿ ನಡೆಸುವ ಪರೀಕ್ಷೆಯ ಸಿಲಬಸ್ಸಿನಲ್ಲಿ ಈಜು ಇಲ್ಲವಲ್ಲ ಎಂಬ ವಾದ ಬೇರೆ. ಆದರೆ ಮೊದಲ ಪಾಠಕ್ಕೂ ಮುಂಚೆ ಚಿನ್ನದ ಬಣ್ಣದ ಲಂಗರಿನ ಬಿಳಿ ಟೋಪಿ ತರಿಸಿಕೊಂಡಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇಂಥವರನ್ನು ನೋಡಿಯೇ. ಉಗಾದಿಯ ದಿನ ಕನ್ನಡ ಸಂಘದ ಊಟದಲ್ಲಿ ಎದ್ದು ನಿಂತು, ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಹೆಂಡತಿಯನ್ನು ವಿಹಾರನೌಕೆಯಲ್ಲಿ ಏಳು ದಿನ ಸುತ್ತಿಸುತ್ತೇನೆ, ಕಪ್ತಾನ ನಾನೇ ಎಂದು ಸಾರಿಬಿಟ್ಟಿದ್ದ. ನೌಕೆ ಬಾಡಿಗೆ ಕೊಡುವವರು ಸರ್ಟಿಫಿಕೇಟು ಕೇಳಿದರು. ಅದರ ಪರೀಕ್ಷೆಯೇ ಇವತ್ತಿನದು. ಫೇಲಾದರೆ ಮುಂದಿನ ತಿಂಗಳ ಯಾನವೂ ಇಲ್ಲ, ಸಂಘದಲ್ಲಿ ಎತ್ತಲು ಮುಖವೂ ಇಲ್ಲ. ಏಳು ದಿನ ದೋಣಿಯಲ್ಲಿರಲು ನೀರಜಾಗೆ ಇಷ್ಟವೇ ಎಂದು ಅವನು ಕೇಳಿರಲಿಲ್ಲ. ಉಡುಗೊರೆಯನ್ನು ಯಾರಾದರೂ ಕೇಳಿ ಕೊಡುತ್ತಾರೆಯೇ?

ಮೂವರು ಸಿಬ್ಬಂದಿಯನ್ನು ಅಭ್ಯರ್ಥಿಯೇ ತರಬೇಕೆಂಬುದು ನಿಯಮ. ಒಬ್ಬಳು ನೀರಜಾ; ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಹಿಡಿದೇ ಬಂದಿದ್ದಳು. ಇನ್ನೊಬ್ಬರು ನಿವೃತ್ತ ಹೃದಯವೈದ್ಯ, ಸಂಘದ ಮಾಜಿ ಅಧ್ಯಕ್ಷ ಚಂದ್ರಮೋಹನ. ಮೂರನೆಯವನು ಡಾಲಸ್ ಕಡೆಯಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದ ನಂಜುಂಡಸ್ವಾಮಿ. ಅಲ್ಲಿನ ಲಾಸ್ ಕೊಲಿನಾಸ್‌ನಲ್ಲಿ ಐಟಿ ಪ್ರಾಜೆಕ್ಟ್ ಮ್ಯಾನೇಜರ್. ಮೇಡಂ ಏನು ಪಾಠ ಮಾಡೋದು ಎಂದು ಅವನು ನೀರಜಾಳನ್ನು ಕೇಳಿದ. ಉತ್ತರ ಕೊಟ್ಟವನು ವೇಣುಗೋಪಾಲ.

"ಹೈಸ್ಕೂಲ್ ಮಕ್ಕಳಿಗೆ ಏನೋ ಸೈನ್ಸು. ಅದಿರ್ಲಿ, ಇಲ್ಲಿ ಬನ್ನಿ, ಹಗ್ಗ ಹೇಗೆ ಕಟ್ಟೋದು ತೋರಿಸ್ತೀನಿ."

ಪರೀಕ್ಷಕಿ ಡೆಬ್ರಾ ಬಿಸಿಲಲ್ಲಿ ಬೆಂದ ಮುಖದ, ಮಾತು ಕಡಿಮೆಯ ಹೆಂಗಸು. ಜಿಪಿಎಸ್ ಪರದೆಗೆ ಟವೆಲ್ ಹೊದಿಸಿ, ಇವತ್ತು ದಿಕ್ಸೂಚಿ ಮತ್ತು ಕಣ್ಣು ಎರಡೇ ಎಂದಳು. ಗಣಪನನ್ನು ಒಂದು ಕ್ಷಣ ನೋಡಿದಳು. ವೇಣುಗೋಪಾಲನನ್ನು ನೋಡಿದಳು. ಹಿಂದೆ ಹೋಗಿ ಕೂತು ಪುಸ್ತಕದಲ್ಲಿ ಏನೋ ಗೀಚಿಕೊಂಡಳು.

ಬಂದರು ಬಿಟ್ಟು ಕೆಮಾದ ಸೇತುವೆಯಡಿಯಿಂದ ದೋಣಿ ಗ್ಯಾಲ್ವೆಸ್ಟನ್ ಕೊಲ್ಲಿಗೆ ಬಂದ ಮೇಲೆ ಕಷ್ಟ ಶುರುವಾಯಿತು. ಕಪ್ತಾನನಾದವನು ಎರಡೇ ಪದದಲ್ಲಿ ಆಜ್ಞೆ ಕೊಡಬೇಕು. ಆದರೆ ಚಂದ್ರಮೋಹನರಂಥ ಹಿರಿಯರಿಗೆ "ಎಳಿ" ಅನ್ನುವುದು ಹೇಗೆ? ಸರ್, ತಮಗೆ ತೊಂದರೆ ಇಲ್ಲ ಅಂದ್ರೆ ಆ ಹಗ್ಗವನ್ನು ಒಂಚೂರು ಎಂದು ಇವನು ಶುರುಮಾಡಿ ವಾಕ್ಯ ಮುಗಿಸುವಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿಯಾಗಿತ್ತು. ನಂಜುಂಡಸ್ವಾಮಿಗೆ ಹಗ್ಗ ಬಿಡು ಎಂದರೆ, ಇದನ್ನು ಯಾರು ಅಪ್ರೂವ್ ಮಾಡಿದರು, ಬಿಟ್ಟ ಮೇಲೆ ಮುಂದಿನ ಸ್ಟೆಪ್ ಏನು ಎಂದು ತಿಳಿಯದೆ ಅವನು ಬಿಡುವವನಲ್ಲ. ಹಾಯಿ ತಿರುಗಿಸುವ ಮುನ್ನ ಮೂವರು ಗಂಡಸರ ನಡುವೆ ಸಂಘದ ಕಾರ್ಯಕಾರಿ ಸಮಿತಿಯ ಸಭೆಯಂತೆ ಚರ್ಚೆ ನಡೆಯಿತು. ಅಷ್ಟರಲ್ಲಿ ಹಾಯಿ ತಾನಾಗಿಯೇ ತಿರುಗಿ ಡಾಕ್ಟರ ಟೋಪಿಯನ್ನು ನೀರಿಗೆ ಎಸೆಯಿತು.

ಅದೇ ಹೊತ್ತಿಗೆ ಡೆಬ್ರಾ, ಮನುಷ್ಯ ನೀರಿಗೆ ಬಿದ್ದ ಎಂದು ಕೂಗಿ ಒಂದು ಕಿತ್ತಳೆ ಬಣ್ಣದ ತೇಲುಗುಂಡನ್ನು ಎಸೆದಳು. ಅದನ್ನು ಮುಳುಗುತ್ತಿರುವವನೆಂದು ತಿಳಿದು ಎತ್ತುವುದೇ ಪರೀಕ್ಷೆ. ಡಾಕ್ಟರು, ಟೋಪಿ ಮಗಳು ಕೊಡಿಸಿದ್ದು, ಮೊದಲು ಅದು ಎಂದು ಪಟ್ಟು ಹಿಡಿದರು. ಹೃದಯವೈದ್ಯರೇ ಹೀಗೆಂದ ಮೇಲೆ ಯಾರು ತಾನೇ ಇಲ್ಲವೆನ್ನಲು ಸಾಧ್ಯ? ಟೋಪಿ ಬದುಕಿತು. ತೇಲುಗುಂಡಿನ ಮನುಷ್ಯ ಅಲೆಗಳಲ್ಲಿ ಕಾಣದಾದ.

ವೇಣುಗೋಪಾಲ ಧೃತಿಗೆಡಲಿಲ್ಲ. ಇನ್ನೊಂದು ಘಟ್ಟ ಉಳಿದಿತ್ತು: ದಿಕ್ಸೂಚಿ ನೋಡಿಕೊಂಡು ಬಂದರಿಗೆ ವಾಪಸಾಗುವುದು. ಅದರಲ್ಲಿ ಸರಿಯಾದರೆ ಉಳಿದದ್ದನ್ನು ಇನ್ನೊಮ್ಮೆ ಮಾಡಲು ಬಿಡುತ್ತೇನೆಂದು ಡೆಬ್ರಾ ಹೇಳಿದ್ದಳು. ಇವನು ನಕ್ಷೆಯ ಮೇಲೆ ಗೆರೆ ಎಳೆದ, ಡಿಗ್ರಿ ಲೆಕ್ಕ ಹಾಕಿದ, ಎದೆಯುಬ್ಬಿಸಿ ಚಕ್ರ ತಿರುಗಿಸಿದ. ಹತ್ತು ನಿಮಿಷವಾದ ಮೇಲೆ ನೀರಜಾ ಉತ್ತರಪತ್ರಿಕೆಯಿಂದ ತಲೆ ಎತ್ತಿದಳು.

"ರೀ, ಸೇತುವೆ ಆ ಕಡೆ ಕಾಣ್ತಾ ಇದೆ. ನಾವು ಈ ಕಡೆ ಹೋಗ್ತಿದೀವಿ."

"ಕಣ್ಣು ಮೋಸ ಮಾಡುತ್ತೆ ನೀರಜಾ, ದಿಕ್ಸೂಚಿ ಮಾಡಲ್ಲ. ನಿಂಗೆ ಇವೆಲ್ಲ ಅರ್ಥ ಆಗಲ್ಲ, ನೀನು ಪೇಪರ್ ನೋಡು."

ಅವಳು ಪೇಪರ್ ನೋಡಿದಳು. ಇನ್ನು ಹತ್ತು ನಿಮಿಷಕ್ಕೆ ದೋಣಿ ಮೆತ್ತಗೆ ನಿಂತಿತು, ಎಮ್ಮೆ ಹೊಂಡದಲ್ಲಿ ಕೂತ ಹಾಗೆ. ಕೊಲ್ಲಿಯ ಕೆಸರುದಿಬ್ಬ. ಎಂಜಿನ್ ಗುರುಗುಟ್ಟಿತು, ನೀರು ಕಂದಾಯಿತು, ದೋಣಿ ಮಾತ್ರ ಅಲ್ಲಾಡಲಿಲ್ಲ. ಡಾಕ್ಟರು ಹೊತ್ತಾಯಿತೆಂದು ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಆಗ ವೇಣುಗೋಪಾಲನ ಕಣ್ಣು ಗಣಪನ ಮೇಲೆ ಬಿತ್ತು. ಅವನ ಅಡಿಯಲ್ಲಿ ಏನಿದೆಯೆಂಬುದು ಹೊಳೆಯಿತು. ಎಂಜಿನಿಯರಲ್ಲವೇ, ಒಂದೂವರೆ ಗಂಟೆಯಲ್ಲೇ ಹೊಳೆಯಿತು! ಯಾರೂ ನೋಡದಂತೆ ಗಣಪನನ್ನು ಕಿತ್ತು ಅಂಗಿಯ ಜೇಬಿಗಿಳಿಸಿದ.

ತಪ್ಪೊಪ್ಪಿಕೊಂಡಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಡೆಬ್ರಾಳನ್ನು ಕರೆದು, ನಿಮ್ಮ ದಿಕ್ಸೂಚಿಯೇ ಕೆಟ್ಟಿದೆ, ನನ್ನನ್ನು ಫೇಲ್ ಮಾಡುವ ಹಾಗಿಲ್ಲ ಎಂದ. ಅವಳು ಬಂದು ಬಗ್ಗಿ ನೋಡಿದಳು. ಪಕ್ಕದಲ್ಲಿ ಇವನೂ ಬಗ್ಗಿದ. ಮುಳ್ಳು ಇವನ ಕಡೆ ವಾಲಿತು. ಒಂದು ಹೆಜ್ಜೆ ಹಿಂದೆ ಹೋಗು ಎಂದಳು, ಮುಳ್ಳು ಸರಿಹೋಯಿತು. ಮುಂದೆ ಬಾ ಎಂದಳು. ಮತ್ತೆ ಇವನತ್ತ ತಿರುಗಿತು. ನಾಲ್ಕು ಸಲ ಹಾಗೆ ಹಿಂದೆ ಮುಂದೆ ನಡೆಸಿದಳು, ಡಾಕ್ಟರು ಚಿತ್ರಾನ್ನದ ತುತ್ತು ಕೈಯಲ್ಲೇ ಹಿಡಿದು ನೋಡುತ್ತಿದ್ದರು. ಆಮೇಲೆ ಅಂಗೈ ಚಾಚಿದಳು. ವೇಣುಗೋಪಾಲ ಜೇಬಿನಿಂದ ಗಣಪನನ್ನು ತೆಗೆದುಕೊಟ್ಟ. ಅವಳು ಅವನನ್ನು ನೀರಜಾಳಿಗೆ ದಾಟಿಸಿದಳು, ಗಣಪ ಮತ್ತೆ ಕೈಚೀಲ ಸೇರಿದ.

ಹೊರಡುವ ಮುಂಚೆ ದಿಕ್ಸೂಚಿಯ ಸುತ್ತ ಏನಿದೆ ನೋಡುವುದು ಮೊದಲ ಪಾಠ, ನೀನು ನೋಡುತ್ತೀಯಾ ಎಂದು ಬೆಳಗ್ಗಿನಿಂದ ಕಾದೆ ಎಂದು ಡೆಬ್ರಾ ಹೇಳಿದಳು. ಫೇಲು ಎಂದು ಬರೆದಳು. ಆಮೇಲೆ ಎಲ್ಲರನ್ನೂ ಒಂದೇ ಬದಿಗೆ ಕೂರಿಸಿ ದೋಣಿ ವಾಲಿಸಿ ಕೆಸರಿನಿಂದ ಬಿಡಿಸಿದಳು. ಡಾಕ್ಟರ ತೂಕ ಆ ದಿನ ಉಪಯೋಗಕ್ಕೆ ಬಂದ ಏಕೈಕ ವಸ್ತು. ದಡ ಮುಟ್ಟುವ ಮೊದಲೇ ಅವರು ಸಂಘದ ವಾಟ್ಸಾಪಿಗೆ ಫೋಟೋ ಸಮೇತ ಸುದ್ದಿ ಹಾಕಿಯಾಗಿತ್ತು.

ವಾಪಸು ಬರುವಾಗ ಹೂಸ್ಟನ್ನಿನ ಟ್ರಾಫಿಕ್ಕಿನಲ್ಲಿ ಕಾರು ನಿಂತಿತು. ನೀರಜಾ ಪಕ್ಕದಲ್ಲಿ ಕೂತು ತಿದ್ದುತ್ತಲೇ ಇದ್ದಳು. ವೇಣುಗೋಪಾಲ ದೊಡ್ಡ ಮನಸ್ಸು ಮಾಡಿದ.

"ನಂಗೇನೂ ಕೋಪ ಇಲ್ಲ ನೀರಜಾ. ಅಯಸ್ಕಾಂತ ದಿಕ್ಸೂಚಿನ ಎಳೆಯುತ್ತೆ ಅಂತ ನಿಂಗೆ ಹೇಗೆ ಗೊತ್ತಿರಬೇಕು, ಪಾಪ."

ಅವಳು ಅಂಕ ಹಾಕಿದಳು. ಅವನ ಕಣ್ಣು ಅವಳ ತೊಡೆಯ ಮೇಲಿನ ಕಾಗದದತ್ತ ಹೋಯಿತು. ಮೊದಲನೇ ಪ್ರಶ್ನೆ: ದಿಕ್ಸೂಚಿಯ ಬಳಿ ಅಯಸ್ಕಾಂತವಿಟ್ಟರೆ ಏನಾಗುತ್ತದೆ, ಚಿತ್ರ ಬರೆದು ವಿವರಿಸಿ. ಯಾವುದೋ ಹುಡುಗಿ ಚೆಂದವಾಗಿ ಚಿತ್ರ ಬರೆದಿದ್ದಳು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಹತ್ತಕ್ಕೆ ಹತ್ತು.

"ನೀನು ಫಿಸಿಕ್ಸ್ ಹೇಳ್ಕೊಡೋದಾ?"

"ಹದಿನಾಲ್ಕು ವರ್ಷದಿಂದ."

ಹಿಂದಿನ ಕಾರಿನವನು ಹಾರ್ನ್ ಮಾಡಿದ. ವೇಣುಗೋಪಾಲನಿಗೆ ಕೇಳಿಸಲಿಲ್ಲ. ಬೇಕೆಂದೇ ಇಟ್ಟೆಯಾ ಎಂದು ಸಣ್ಣ ದನಿಯಲ್ಲಿ ಕೇಳಿದ.

"ಹೌದು. ಸೇತುವೆ ಆ ಕಡೆ ಅಂತಾನೂ ನಾನೇ ಹೇಳಿದೆ. ಏಳು ದಿನ ನೀರಿನ ಮೇಲೆ ನಿಮ್ಮನ್ನ ನಂಬಿ ಬರಬೇಕಾದವಳು ನಾನು. ಒಂದು ಸಲ ನನ್ನ ಮಾತು ಕೇಳ್ತೀರಾ ನೋಡೋಣ ಅಂತ." ಅವಳು ಗಣಪನನ್ನು ಚೀಲದಿಂದ ತೆಗೆದು ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿದಳು. "ಮುಂದಿನ ತಿಂಗಳಿಗೆ ಆಸ್ಟಿನ್ ಹತ್ರ ಒಂದು ರೂಮ್ ಬುಕ್ ಮಾಡಿದೀನಿ. ಅಲ್ಲಿ ಮಂಚ ಅಲ್ಲಾಡಲ್ಲ. ಮಾಡಿದ್ದು ಹೋದ ಮಂಗಳವಾರ. ನೀವು ನನ್ನ ಮಾತು ಕೇಳಿದ್ದಿದ್ರೆ ಕ್ಯಾನ್ಸಲ್ ಮಾಡೋಕೆ ಇವತ್ತು ಸಂಜೆವರೆಗೂ ಟೈಮ್ ಇತ್ತು."

ಅಷ್ಟು ಹೇಳಿ ಮುಂದಿನ ಪತ್ರಿಕೆ ಕೈಗೆತ್ತಿಕೊಂಡಳು.